ಗೆಳೆಯರ ಫೋಟೊ, ಮಾಯವಾಗುವ ಸಂದೇಶ: ಯಾವ ಆ್ಯಪ್ ಯಾವುದಕ್ಕೆ?

ಹತ್ತನೇ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು ಆಮೇಲೆ ಒಂದೇ ಊರಿನಲ್ಲಿ ಉಳಿಯುವುದು ಗಡಿನಾಡಿನಲ್ಲಿ ಅಪರೂಪ. ಕಾಸರಗೋಡಿನ ಹುಡುಗ ಮಂಗಳೂರಿಗೋ ಕೊಲ್ಲಿ ದೇಶಕ್ಕೋ ಹೋಗುತ್ತಾನೆ. ತಾಳವಾಡಿಯ ಹುಡುಗಿ ಚಾಮರಾಜನಗರದಲ್ಲೋ ಸತ್ಯಮಂಗಲದಲ್ಲೋ ಕಾಲೇಜು ಸೇರುತ್ತಾಳೆ. ಜತ್ತ, ಅಕ್ಕಲಕೋಟೆಯವರು ಸೊಲ್ಲಾಪುರ, ಪುಣೆ, ವಿಜಯಪುರಗಳ ದಾರಿ ಹಿಡಿಯುತ್ತಾರೆ. ಮಡಕಶಿರ, ಹೊಸೂರಿನವರಿಗೆ ಬೆಂಗಳೂರು ಹತ್ತಿರ. ಹೀಗೆ ಚದುರಿದ ಗೆಳೆತನ ಈಗ ಉಳಿದಿರುವುದು ಹೆಚ್ಚಾಗಿ ಮೊಬೈಲ್ ಫೋನಿನಲ್ಲಿ. ಊರ ಜಾತ್ರೆ, ಅಕ್ಕನ ಮದುವೆ, ಹಾಸ್ಟೆಲ್ ಊಟ ಎಲ್ಲವೂ ಫೋಟೊ ಆಗಿ ಗೆಳೆಯರಿಗೆ ತಲುಪುತ್ತವೆ.

ಇದಕ್ಕೆಂದು ಹತ್ತಾರು ಆ್ಯಪ್‌ಗಳಿವೆ. ಕೆಲವು ಫೋಟೊವನ್ನು ವರ್ಷಗಟ್ಟಲೆ ಕಾಪಾಡುತ್ತವೆ, ಕೆಲವು ನೋಡಿದ ಕೂಡಲೇ ಅಳಿಸುತ್ತವೆ. ಯಾವುದನ್ನು ಯಾವ ಕೆಲಸಕ್ಕೆ ಬಳಸಬೇಕು, 'ಮಾಯವಾಗುತ್ತದೆ' ಎಂಬ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು, ಎಡವಟ್ಟಾದರೆ ಯಾರ ಬಳಿ ಹೋಗಬೇಕು ಎಂಬ ವಿವರ ಇಲ್ಲಿದೆ.

'ಮಾಯ' ಎಂದರೆ ಏನು?

ಮಾಯವಾಗುವ ಸಂದೇಶ ಎಂದರೆ ಕಳುಹಿಸಿದವರ ಮತ್ತು ಪಡೆದವರ ಚಾಟ್‌ನಿಂದ ನಿಗದಿತ ಸಮಯದ ನಂತರ ತಾನಾಗಿ ಅಳಿಯುವ ಸಂದೇಶ. ಆ ಸಮಯ ಕೆಲವು ಸೆಕೆಂಡ್ ಇರಬಹುದು, 24 ಗಂಟೆ ಇರಬಹುದು, 90 ದಿನವೂ ಇರಬಹುದು. ಇಲ್ಲಿ ಅಳಿಯುವುದು ಆ್ಯಪ್ ಒಳಗಿರುವ ಪ್ರತಿ ಮಾತ್ರ. ನೋಡುವವರು ಅಷ್ಟರೊಳಗೆ ಸ್ಕ್ರೀನ್‌ಶಾಟ್ ತೆಗೆದಿದ್ದರೆ, ಇನ್ನೊಂದು ಫೋನಿನಿಂದ ಪರದೆಯ ಫೋಟೊ ಹೊಡೆದಿದ್ದರೆ, ಬೇರೆಯವರಿಗೆ ಫಾರ್ವರ್ಡ್ ಮಾಡಿದ್ದರೆ ಆ ಪ್ರತಿ ಉಳಿದೇ ಉಳಿಯುತ್ತದೆ.

ಇದು ಊಹೆಯ ಮಾತಲ್ಲ. ಈ ಬಗೆಯ ಸಂದೇಶವನ್ನು ಜನಪ್ರಿಯಗೊಳಿಸಿದ ಸ್ನಾಪ್‌ಚಾಟ್ ಕಂಪನಿಯೇ ಈ ವಿಷಯದಲ್ಲಿ ಸರ್ಕಾರದ ಕೈಗೆ ಸಿಕ್ಕಿಬಿದ್ದಿತ್ತು. ಫೋಟೊಗಳು ಶಾಶ್ವತವಾಗಿ ಮಾಯವಾಗುತ್ತವೆ ಎಂದು ಹೇಳಿ ಬಳಕೆದಾರರ ದಾರಿ ತಪ್ಪಿಸಲಾಗಿದೆ, ಬೇರೆ ಆ್ಯಪ್‌ಗಳ ಮೂಲಕ ಅವನ್ನು ಸುಲಭವಾಗಿ ಉಳಿಸಿಕೊಳ್ಳಬಹುದು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪ ಹೊರಿಸಿತು. 2014ರ ಮೇ ತಿಂಗಳಲ್ಲಿ ಕಂಪನಿ ರಾಜಿಗೆ ಒಪ್ಪಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ, ಸ್ನಾಪ್‌ಗಳನ್ನು ಉಳಿಸಿಕೊಡುತ್ತಿದ್ದ ಹೊರಗಿನ ತಾಣವೊಂದರಿಂದ ಸಾವಿರಾರು ಫೋಟೊಗಳು ಸೋರಿ ಅಂತರ್ಜಾಲದಲ್ಲಿ ಹರಡಿದವು.

ಇನ್ನೊಂದು ಉದಾಹರಣೆ 2025ರ ಮಾರ್ಚ್ ತಿಂಗಳದು. ಯೆಮನ್ ಮೇಲಿನ ದಾಳಿಯ ಬಗ್ಗೆ ಅಮೆರಿಕ ಸರ್ಕಾರದ ಹಿರಿಯರು ಸಿಗ್ನಲ್ ಆ್ಯಪ್‌ನ ಗುಂಪೊಂದರಲ್ಲಿ ಚರ್ಚಿಸುತ್ತಿದ್ದರು. ಸಂದೇಶಗಳು ಕೆಲವು ವಾರಗಳಲ್ಲಿ ಅಳಿಯುವಂತೆ ಟೈಮರ್ ಇಡಲಾಗಿತ್ತು. ಆದರೆ 'ದಿ ಅಟ್ಲಾಂಟಿಕ್' ಪತ್ರಿಕೆಯ ಸಂಪಾದಕ ಜೆಫ್ರಿ ಗೋಲ್ಡ್‌ಬರ್ಗ್ ಅವರನ್ನು ತಪ್ಪಿ ಅದೇ ಗುಂಪಿಗೆ ಸೇರಿಸಲಾಗಿತ್ತು. ಸಂದೇಶಗಳು ಅಳಿಯುವ ಬದಲು ಪತ್ರಿಕೆಯಲ್ಲಿ ಅಚ್ಚಾದವು. ಆ್ಯಪ್‌ನ ಗುಪ್ತಲಿಪಿ ಗಟ್ಟಿಯಾಗಿಯೇ ಇತ್ತು. ಗುಂಪಿನಲ್ಲಿ ಯಾರಿದ್ದಾರೆ ಎಂದು ಯಾರೂ ನೋಡಿರಲಿಲ್ಲ, ಅಷ್ಟೆ.

ಹಾಗಾದರೆ ಮಾಯವಾಗುವ ಸಂದೇಶದಿಂದ ಉಪಯೋಗವೇ ಇಲ್ಲವೇ? ಖಂಡಿತ ಇದೆ. ಫೋನ್ ಕಳೆದುಹೋದಾಗ, ರಿಪೇರಿಗೆ ಕೊಟ್ಟಾಗ, ಮನೆಯ ಇತರರ ಕೈಗೆ ಸಿಕ್ಕಾಗ ಹಳೆಯ ಮಾತುಕತೆ ಬಯಲಾಗುವುದಿಲ್ಲ. ಫೋನಿನ ಜಾಗವೂ ಉಳಿಯುತ್ತದೆ. ಹರಟೆಯನ್ನು ಹರಟೆಯಾಗಿಯೇ ಬಿಡಬಹುದು. ನಂಬಿಕಸ್ತ ಗೆಳೆಯರ ನಡುವೆ ಇದು ಒಳ್ಳೆಯ ಸೌಲಭ್ಯ. ನಂಬಿಕೆಯಿಲ್ಲದವರಿಗೆ ಫೋಟೊ ಕಳುಹಿಸಲು ಇದನ್ನು ರಕ್ಷಾಕವಚ ಎಂದುಕೊಂಡರೆ ಮೋಸ ಹೋಗುವುದು ಖಚಿತ.

ವಾಟ್ಸಾಪ್

2009ರಲ್ಲಿ ಜಾನ್ ಕೂಮ್ ಮತ್ತು ಬ್ರಿಯಾನ್ ಆ್ಯಕ್ಟನ್ ಆರಂಭಿಸಿದ ಈ ಆ್ಯಪ್ ಅನ್ನು 2014ರಲ್ಲಿ ಫೇಸ್‌ಬುಕ್ ಕೊಂಡುಕೊಂಡಿತು. ಮನೆಯವರು, ಗೆಳೆಯರು, ಅಂಗಡಿಯವರು ಎಲ್ಲರೂ ಇಲ್ಲೇ ಇರುವುದರಿಂದ ಬೇರೆ ಆ್ಯಪ್ ಹಾಕಿಕೊಳ್ಳಿ ಎಂದು ಯಾರನ್ನೂ ಒತ್ತಾಯಿಸಬೇಕಿಲ್ಲ. 2016ರ ಏಪ್ರಿಲ್‌ನಿಂದ ಎಲ್ಲ ಸಂದೇಶಗಳಿಗೂ ಗುಪ್ತಲಿಪಿ ರಕ್ಷಣೆ ಇದೆ. ಅಂದರೆ ದಾರಿಯಲ್ಲಿ ಕಂಪನಿಯೂ ಅದನ್ನು ಓದಲಾರದು.

ಮಾಯವಾಗುವ ಸಂದೇಶ ಇಲ್ಲಿ ಬಂದದ್ದು 2020ರ ನವೆಂಬರ್‌ನಲ್ಲಿ. ಈಗ 24 ಗಂಟೆ, 7 ದಿನ, 90 ದಿನ ಎಂಬ ಮೂರು ಆಯ್ಕೆಗಳಿವೆ. ಒಂದು ಸಲ ಮಾತ್ರ ನೋಡಬಹುದಾದ 'ವ್ಯೂ ಒನ್ಸ್' ಫೋಟೊ 2021ರ ಆಗಸ್ಟ್‌ನಲ್ಲಿ ಬಂತು. ಇಂತಹ ಫೋಟೊವನ್ನು 14 ದಿನದೊಳಗೆ ತೆರೆಯದಿದ್ದರೆ ಅದು ತಾನಾಗಿ ರದ್ದಾಗುತ್ತದೆ. ಸ್ಟೇಟಸ್ 24 ಗಂಟೆ ಇರುತ್ತದೆ. ಅದನ್ನು ಯಾರು ನೋಡಬಹುದು ಎಂದು ಸೆಟ್ಟಿಂಗ್ಸ್‌ನಲ್ಲಿ ಆರಿಸಬಹುದು.

ಇಲ್ಲಿ ಗಮನಿಸಬೇಕಾದ ಮೂರು ಸಂಗತಿಗಳಿವೆ.

ಮೊದಲನೆಯದು, ಟೈಮರ್ ಶುರುವಾಗುವುದು ಸಂದೇಶ ಕಳುಹಿಸಿದ ಗಳಿಗೆಯಿಂದ, ಓದಿದ ಗಳಿಗೆಯಿಂದಲ್ಲ. ಗೆಳೆಯ ವಯನಾಡಿನ ಕಾಡಂಚಿನಲ್ಲೋ ತಾಳವಾಡಿಯ ಬೆಟ್ಟದ ಹಾಡಿಯಲ್ಲೋ ನೆಟ್‌ವರ್ಕ್ ಇಲ್ಲದೆ ಎರಡು ದಿನ ಇದ್ದರೆ, 24 ಗಂಟೆಯ ಸಂದೇಶ ಅವನು ಓದುವ ಮೊದಲೇ ಹೋಗಿರುತ್ತದೆ. ಅಂಥವರಿಗೆ 7 ದಿನ ಅಥವಾ 90 ದಿನದ ಆಯ್ಕೆಯೇ ಸರಿ.

ಎರಡನೆಯದು, ಬಂದ ಫೋಟೊ ತಾನಾಗಿ ಗ್ಯಾಲರಿಗೆ ಇಳಿಯುವಂತೆ ಇಟ್ಟಿದ್ದರೆ ಚಾಟ್‌ನಲ್ಲಿ ಅಳಿದರೂ ಗ್ಯಾಲರಿಯಲ್ಲಿ ಉಳಿಯುತ್ತದೆ. 2025ರ ಏಪ್ರಿಲ್‌ನಲ್ಲಿ ಬಂದ 'ಅಡ್ವಾನ್ಸ್‌ಡ್ ಚಾಟ್ ಪ್ರೈವೆಸಿ' ಎಂಬ ಆಯ್ಕೆಯನ್ನು ಹಾಕಿದರೆ ಹೀಗೆ ತಾನಾಗಿ ಇಳಿಯುವುದನ್ನೂ ಇಡೀ ಚಾಟ್ ಅನ್ನು ಹೊರಗೆ ತೆಗೆಯುವುದನ್ನೂ ತಡೆಯಬಹುದು.

ಮೂರನೆಯದು, ವ್ಯೂ ಒನ್ಸ್ ಫೋಟೊಗೆ ಸ್ಕ್ರೀನ್‌ಶಾಟ್ ತಡೆ ಇದೆ. ಸಾಧಾರಣ ಚಾಟ್‌ಗೆ ಇಲ್ಲ, ಯಾರಾದರೂ ತೆಗೆದರೆ ನಿಮಗೆ ತಿಳಿಯುವುದೂ ಇಲ್ಲ.

ಆಂಡ್ರಾಯ್ಡ್ ಫೋನಿನಲ್ಲಿ ವಾಟ್ಸಾಪ್ ಅನ್ನು ಕನ್ನಡದಲ್ಲೂ ಮಲಯಾಳಂ, ತಮಿಳು, ತೆಲುಗು, ಮರಾಠಿಯಲ್ಲೂ ಬಳಸಬಹುದು. ಶಾಲೆಯಲ್ಲಿ ಕನ್ನಡ ಓದದ ಗೆಳೆಯರಿಗೆ ಸೆಟ್ಟಿಂಗ್ಸ್ ಹೇಳಿಕೊಡುವಾಗ ಇದು ಅನುಕೂಲ.

ಸ್ನಾಪ್‌ಚಾಟ್

2011ರಲ್ಲಿ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 'ಪಿಕಾಬೂ' ಎಂಬ ಹೆಸರಿನಲ್ಲಿ ಆರಂಭಿಸಿದ ಆ್ಯಪ್ ಇದು. ಅದೇ ವರ್ಷ ಸ್ನಾಪ್‌ಚಾಟ್ ಎಂದು ಹೆಸರು ಬದಲಾಯಿತು. 24 ಗಂಟೆಯ 'ಸ್ಟೋರಿ' ಎಂಬ ಕಲ್ಪನೆಯನ್ನು 2013ರಲ್ಲಿ ತಂದದ್ದು ಇದೇ ಆ್ಯಪ್. ಇನ್‌ಸ್ಟಾಗ್ರಾಂ 2016ರಲ್ಲಿ, ವಾಟ್ಸಾಪ್ 2017ರಲ್ಲಿ ಅದನ್ನು ಅನುಸರಿಸಿದವು.

ಇಲ್ಲಿ ಮಾಯವಾಗುವುದೇ ಸಹಜ ಸ್ಥಿತಿ. ಉಳಿಸಬೇಕಿದ್ದರೆ ಮಾತ್ರ ಬೇರೆಯಾಗಿ ಉಳಿಸಬೇಕು. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದರೆ ಕಳುಹಿಸಿದವರಿಗೆ ಸೂಚನೆ ಬರುತ್ತದೆ. ಆದರೆ ಇದು ತೆಗೆದ ಮೇಲೆ ಬರುವ ಸುದ್ದಿ, ತಡೆಯಲ್ಲ. ಇನ್ನೊಂದು ಫೋನಿನಿಂದ ತೆಗೆದರೆ ಆ ಸುದ್ದಿಯೂ ಬರುವುದಿಲ್ಲ.

ದಿನವೂ ಮುಖ ತೋರಿಸಿ ನಗುವ ನಾಲ್ಕಾರು ಗೆಳೆಯರಿಗೆ ಇದು ಚೆನ್ನಾಗಿ ಹೊಂದುತ್ತದೆ. ಎರಡು ವಿಷಯಗಳಲ್ಲಿ ಎಚ್ಚರ ಬೇಕು. 2017ರ ಜೂನ್‌ನಲ್ಲಿ ಬಂದ 'ಸ್ನಾಪ್ ಮ್ಯಾಪ್' ನೀವು ಒಪ್ಪಿದರೆ ನೀವಿರುವ ಜಾಗವನ್ನು ಗೆಳೆಯರಿಗೆ ನಕ್ಷೆಯಲ್ಲಿ ತೋರಿಸುತ್ತದೆ. ಹಳ್ಳಿಯಲ್ಲಿ ಮನೆಗಳು ಕಡಿಮೆ, ಹಾಗಾಗಿ ನಕ್ಷೆಯ ಚುಕ್ಕೆ ಎಂದರೆ ಮನೆಯ ವಿಳಾಸವೇ. 'ಘೋಸ್ಟ್ ಮೋಡ್' ಹಾಕಿದರೆ ಜಾಗ ಕಾಣುವುದಿಲ್ಲ. ಎರಡನೆಯದು 'ಸ್ಟ್ರೀಕ್'. ಇಬ್ಬರೂ ದಿನ ತಪ್ಪದೆ ಸ್ನಾಪ್ ಕಳುಹಿಸಿದರೆ ಲೆಕ್ಕ ಏರುತ್ತದೆ, ತಪ್ಪಿದರೆ ಸೊನ್ನೆ. ಕರೆಂಟ್ ಮತ್ತು ನೆಟ್‌ವರ್ಕ್ ಕೈಕೊಡುವ ಊರುಗಳಲ್ಲಿ ಈ ಲೆಕ್ಕವನ್ನು ಗೆಳೆತನದ ಅಳತೆ ಮಾಡಿಕೊಂಡರೆ ಸುಮ್ಮನೆ ಮನಸ್ತಾಪ.

ಇನ್‌ಸ್ಟಾಗ್ರಾಂ

2010ರ ಅಕ್ಟೋಬರ್‌ನಲ್ಲಿ ಆರಂಭವಾದ ಇನ್‌ಸ್ಟಾಗ್ರಾಂ ಅನ್ನು 2012ರಲ್ಲಿ ಫೇಸ್‌ಬುಕ್ 100 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಭಾರತದಲ್ಲಿ 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದ ಮೇಲೆ ಹಳ್ಳಿಯ ಯುವಕರೂ ದೊಡ್ಡ ಸಂಖ್ಯೆಯಲ್ಲಿ ಇದರ ರೀಲ್ಸ್ ಕಡೆ ಹೊರಳಿದರು.

ಇದು ಮೂಲತಃ ಪ್ರದರ್ಶನದ ಜಾಗ. ಖಾತೆ 'ಪಬ್ಲಿಕ್' ಇದ್ದರೆ ಗೆಳೆಯರಿಗೆಂದು ಹಾಕಿದ ಫೋಟೊವನ್ನು ಗುರುತಿಲ್ಲದವರೂ ನೋಡುತ್ತಾರೆ. ಆಪ್ತರಿಗೆ ಮಾತ್ರ ಬಳಸುವುದಾದರೆ ಖಾತೆಯನ್ನು 'ಪ್ರೈವೇಟ್' ಮಾಡುವುದು ಮೊದಲ ಕೆಲಸ. 2018ರ ನವೆಂಬರ್‌ನಲ್ಲಿ ಬಂದ 'ಕ್ಲೋಸ್ ಫ್ರೆಂಡ್ಸ್' ಪಟ್ಟಿಗೆ ಹತ್ತಿಪ್ಪತ್ತು ಜನರನ್ನು ಸೇರಿಸಿದರೆ ಸ್ಟೋರಿ ಅವರಿಗಷ್ಟೇ ಕಾಣುತ್ತದೆ. ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದು ಇತರರಿಗೆ ತಿಳಿಯುವುದಿಲ್ಲ. ನೆಂಟರಿಗೆ ಬೇಸರವಾಗದಂತೆ ಗೆಳೆಯರೊಂದಿಗೆ ಹಂಚಿಕೊಳ್ಳಲು ಇದು ಒಳ್ಳೆಯ ದಾರಿ. ಆದರೆ ಸ್ಟೋರಿಯ ಸ್ಕ್ರೀನ್‌ಶಾಟ್ ತೆಗೆದರೆ ಹಾಕಿದವರಿಗೆ ಸೂಚನೆ ಬರುವುದಿಲ್ಲ.

18 ವರ್ಷದೊಳಗಿನವರಿಗೆ 'ಟೀನ್ ಅಕೌಂಟ್' ವ್ಯವಸ್ಥೆ 2025ರ ಫೆಬ್ರವರಿಯಿಂದ ಭಾರತದಲ್ಲೂ ಜಾರಿಗೆ ಬಂದಿದೆ. ಖಾತೆ ತಾನಾಗಿ ಪ್ರೈವೇಟ್ ಆಗಿರುತ್ತದೆ. 16 ವರ್ಷದೊಳಗಿನವರು ಸೆಟ್ಟಿಂಗ್ಸ್ ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಮಕ್ಕಳು ಖಾತೆ ತೆರೆಯುವಾಗ ವಯಸ್ಸು ಹೆಚ್ಚಿಸಿ ಹಾಕಿದರೆ ಈ ರಕ್ಷಣೆ ಸಿಗುವುದಿಲ್ಲ ಎಂಬುದನ್ನು ಪೋಷಕರು ನೆನಪಿಡಬೇಕು.

ಸಿಗ್ನಲ್

ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನ ನಡೆಸುವ ಆ್ಯಪ್ ಇದು. ವಾಟ್ಸಾಪ್ ಬಿಟ್ಟು ಹೊರಬಂದ ಬ್ರಿಯಾನ್ ಆ್ಯಕ್ಟನ್ 2018ರಲ್ಲಿ 5 ಕೋಟಿ ಡಾಲರ್ ನೀಡಿ ಇದರ ಪ್ರತಿಷ್ಠಾನಕ್ಕೆ ನೆರವಾದರು. ಜಾಹೀರಾತು ಇಲ್ಲ. ಎಲ್ಲ ಸಂದೇಶಗಳಿಗೂ ಗುಪ್ತಲಿಪಿ ರಕ್ಷಣೆ ಇದೆ. ಟೈಮರ್ ಅನ್ನು ಕೆಲವು ಸೆಕೆಂಡ್‌ನಿಂದ 4 ವಾರದವರೆಗೆ ಇಡಬಹುದು. ಪಡೆದವರ ಫೋನಿನಲ್ಲಿ ಟೈಮರ್ ಶುರುವಾಗುವುದು ಅವರು ಓದಿದ ಮೇಲೆ. ಹಾಗಾಗಿ ನೆಟ್‌ವರ್ಕ್ ಸಿಗದ ಗೆಳೆಯರಿಗೂ ಸಂದೇಶ ತಪ್ಪುವುದಿಲ್ಲ.

2024ರ ಫೆಬ್ರವರಿಯಿಂದ ಫೋನ್ ನಂಬರ್ ಕೊಡದೆ ಬಳಕೆದಾರ ಹೆಸರಿನ ಮೂಲಕವೇ ಮಾತಾಡಬಹುದು. ಹೊಸ ಕಾಲೇಜಿನಲ್ಲಿ ಪರಿಚಯವಾದವರಿಗೆ ನಂಬರ್ ಕೊಡಲು ಹಿಂಜರಿಯುವ ಹೆಣ್ಣುಮಕ್ಕಳಿಗೆ ಇದು ಉಪಯುಕ್ತ. ಕೊರತೆ ಒಂದೇ: ನಿಮ್ಮ ಗೆಳೆಯರಲ್ಲಿ ಹೆಚ್ಚಿನವರು ಅಲ್ಲಿ ಇಲ್ಲದಿರಬಹುದು. ಇಬ್ಬರು ಮೂವರು ಆಪ್ತರು ಒಟ್ಟಿಗೆ ಹಾಕಿಕೊಂಡರೆ ಮಾತ್ರ ಪ್ರಯೋಜನ.

ಟೆಲಿಗ್ರಾಂ

2013ರಲ್ಲಿ ಬಂದ ಟೆಲಿಗ್ರಾಂ ದೊಡ್ಡ ಫೈಲ್‌ಗಳಿಗೆ ಹೆಸರುವಾಸಿ. 2 ಜಿಬಿವರೆಗಿನ ಫೈಲ್ ಅನ್ನು ಉಚಿತವಾಗಿಯೇ ಕಳುಹಿಸಬಹುದು. ಆದರೆ ಇಲ್ಲಿ ಅನೇಕರಿಗೆ ತಪ್ಪು ತಿಳಿವಳಿಕೆ ಇದೆ. ಸಾಧಾರಣ ಚಾಟ್‌ಗಳು ಕಂಪನಿಯ ಸರ್ವರ್‌ನಲ್ಲಿ ಉಳಿಯುತ್ತವೆ. ಪೂರ್ಣ ಗುಪ್ತಲಿಪಿ ರಕ್ಷಣೆ ಇರುವುದು 'ಸೀಕ್ರೆಟ್ ಚಾಟ್' ಎಂದು ಬೇರೆಯಾಗಿ ತೆರೆದ, ಇಬ್ಬರ ನಡುವಿನ ಮಾತುಕತೆಗೆ ಮಾತ್ರ. ಗುಂಪುಗಳಿಗೆ ಅದು ಇಲ್ಲ.

ಉಳಿಯಬೇಕಾದ ಫೋಟೊಗಳಿಗೆ

ಮಾಯವಾಗುವ ಫೋಟೊ ಬಗ್ಗೆ ಇರುವಷ್ಟು ಚಿಂತೆ ಉಳಿಯಬೇಕಾದ ಫೋಟೊ ಬಗ್ಗೆಯೂ ಇರಬೇಕು. ಶಾಲೆಯ ಕೊನೆಯ ದಿನದ ಗುಂಪು ಚಿತ್ರ, ಈಗ ಇಲ್ಲದ ಗೆಳೆಯನ ನಗು, ಅಜ್ಜಿಯ ಜೊತೆ ನಿಂತ ಫೋಟೊ 24 ಗಂಟೆಯ ಸ್ಟೇಟಸ್‌ನಲ್ಲಿ ಮಾತ್ರ ಇದ್ದರೆ ಮರುದಿನ ಹುಡುಕಿದರೆ ಸಿಗುವುದಿಲ್ಲ.

ಇದಕ್ಕೆ ಗೂಗಲ್ ಫೋಟೋಸ್‌ನಂತಹ ಹಂಚಿಕೆಯ ಆಲ್ಬಂ ಒಳ್ಳೆಯದು. ಮದುವೆಗೆ ಬಂದ ಹತ್ತು ಜನ ತಮ್ಮ ತಮ್ಮ ಫೋಟೊಗಳನ್ನು ಒಂದೇ ಆಲ್ಬಂಗೆ ಹಾಕಬಹುದು. 2021ರ ಜೂನ್ 1ರಿಂದ ಇಲ್ಲಿ ಮಿತಿಯಿಲ್ಲದ ಉಚಿತ ಜಾಗ ಇಲ್ಲ. ಜಿಮೇಲ್, ಡ್ರೈವ್ ಎಲ್ಲ ಸೇರಿ ಉಚಿತ ಮಿತಿ 15 ಜಿಬಿ ಎಂದಾಯಿತು. ಆಲ್ಬಂನ ಲಿಂಕ್ ಸಿಕ್ಕ ಯಾರು ಬೇಕಾದರೂ ಅದನ್ನು ನೋಡಬಹುದು, ಆದ್ದರಿಂದ ಕೆಲಸ ಮುಗಿದ ಮೇಲೆ ಲಿಂಕ್ ಹಂಚಿಕೆಯನ್ನು ನಿಲ್ಲಿಸಬೇಕು.

ವಾಟ್ಸಾಪ್‌ನಲ್ಲಿ ಫೋಟೊ ಕಳುಹಿಸಿದರೆ ಗಾತ್ರ ಕುಗ್ಗಿ ಸ್ಪಷ್ಟತೆ ಕಡಿಮೆಯಾಗುತ್ತದೆ. ಪ್ರಿಂಟ್ ಹಾಕಿಸುವ ಫೋಟೊ ಆದರೆ 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಮೂಲ ಗುಣಮಟ್ಟ ಉಳಿಯುತ್ತದೆ. ಆದರೆ ಫೋಟೊ ತೆಗೆದ ಜಾಗದ ಮಾಹಿತಿ ಅದರಲ್ಲಿ ಅಡಗಿದ್ದರೆ ಅದೂ ಜೊತೆಗೆ ಹೋಗುತ್ತದೆ. ಮನೆಯವರಿಗೆ ತೊಂದರೆಯಿಲ್ಲ, ಅಪರಿಚಿತರಿಗೆ ಬೇಡ.

ಆ್ಯಪ್‌ಗಳೇ ಮಾಯವಾಗುವುದೂ ಉಂಟು. ಒಂದು ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ, ನಮ್ಮದೇ ದೇಶದ ಹೈಕ್ 2021ರ ಜನವರಿಯಲ್ಲಿ, ಸ್ಕೈಪ್ 2025ರ ಮೇ ತಿಂಗಳಲ್ಲಿ ಬಾಗಿಲು ಹಾಕಿದವು. ಉಚಿತ ಎಂದದ್ದು ಯಾವಾಗಲೂ ಉಚಿತವಾಗಿ ಉಳಿಯುವುದಿಲ್ಲ. ಸ್ನಾಪ್‌ಚಾಟ್ ತನ್ನ 'ಮೆಮೊರೀಸ್'ನಲ್ಲಿ 5 ಜಿಬಿಗಿಂತ ಹೆಚ್ಚು ಇಟ್ಟವರಿಗೆ ಶುಲ್ಕ ವಿಧಿಸುವುದಾಗಿ 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಆದ್ದರಿಂದ ಮುಖ್ಯವಾದ ಫೋಟೊಗಳ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲೋ ಮೆಮೊರಿ ಕಾರ್ಡ್‌ನಲ್ಲೋ ಇಟ್ಟುಕೊಳ್ಳಿ. ನಾಲ್ಕನ್ನು ಪ್ರಿಂಟ್ ಹಾಕಿಸಿ ಆಲ್ಬಂಗೆ ಸೇರಿಸಿದರೆ ಇನ್ನೂ ಒಳ್ಳೆಯದು.

ಎರಡು ಸಿಮ್ ಇರುವವರಿಗೆ

ಗಡಿಯ ಮನೆಗಳಲ್ಲಿ ಎರಡು ಕಡೆಯ ಸಿಮ್ ಇರುವುದು ಸಾಮಾನ್ಯ. ಊರಿನದೊಂದು, ಓದುವ ಅಥವಾ ದುಡಿಯುವ ಊರಿನದೊಂದು. ಇವುಗಳಲ್ಲಿ ಒಂದನ್ನು ರೀಚಾರ್ಜ್ ಮಾಡದೆ ಬಿಟ್ಟರೆ, 90 ದಿನ ಬಳಕೆಯಿಲ್ಲದ ಮೇಲೆ ಕಂಪನಿ ಆ ನಂಬರ್ ಅನ್ನು ರದ್ದು ಮಾಡಬಹುದು. ಮುಂದೆ ಅದೇ ನಂಬರ್ ಬೇರೆಯವರಿಗೆ ಹೋಗುತ್ತದೆ. ನಿಮ್ಮ ಚಾಟ್ ಖಾತೆ ಆ ನಂಬರ್‌ನಲ್ಲೇ ಇದ್ದರೆ, ನಿಮಗೆಂದು ಗೆಳೆಯರು ಕಳುಹಿಸಿದ ಫೋಟೊ ಹೊಸಬರಿಗೆ ತಲುಪುವ ಅಪಾಯವಿದೆ. ಸಿಮ್ ಬಿಡುವ ಮೊದಲು ಆ್ಯಪ್ ಒಳಗೆ 'ಚೇಂಜ್ ನಂಬರ್' ಮಾಡಿ, ಗುಂಪುಗಳಿಗೂ ತಿಳಿಸಿ.

ಈ ರೀತಿಯ ಆ್ಯಪ್‌ಗಳು ಫೋನಿನಲ್ಲಿ ಸಕ್ರಿಯ ಸಿಮ್ ಇದ್ದರೆ ಮಾತ್ರ ನಡೆಯುವಂತೆ ಮಾಡಬೇಕು ಎಂದು ಕೇಂದ್ರ ದೂರಸಂಪರ್ಕ ಇಲಾಖೆ 2025ರ ನವೆಂಬರ್‌ನಲ್ಲಿ ಕಂಪನಿಗಳಿಗೆ ನಿರ್ದೇಶನ ನೀಡಿತು. ಹೀಗಾಗಿ ಖಾತೆ ಯಾವ ಸಿಮ್‌ನಲ್ಲಿದೆಯೋ ಅದನ್ನು ಜೀವಂತವಾಗಿ ಇಟ್ಟುಕೊಳ್ಳುವುದು ಎಲ್ಲ ರೀತಿಯಲ್ಲೂ ಕ್ಷೇಮ.

ಫೋಟೊ ದುರ್ಬಳಕೆಯಾದರೆ

ಒಪ್ಪಿಗೆ ಪಡೆದು ಕಳುಹಿಸಿದ ಫೋಟೊ ಆದರೂ ಅದನ್ನು ಹರಡಲು ಒಪ್ಪಿಗೆ ಕೊಟ್ಟಂತಲ್ಲ. ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ತೆಗೆಯುವುದು, ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಸೆಕ್ಷನ್ 66ಇ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77 ಹೆಣ್ಣುಮಕ್ಕಳ ಖಾಸಗಿ ಚಿತ್ರಗಳ ವಿಷಯದಲ್ಲಿ ಅನ್ವಯಿಸುತ್ತದೆ. ನೋಡಲು ಮಾತ್ರ ಒಪ್ಪಿದ್ದ ಚಿತ್ರವನ್ನು ಮೂರನೆಯವರಿಗೆ ಹರಡಿದರೂ ಅದು ಅಪರಾಧವೇ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಿದೆ. 18 ವರ್ಷದೊಳಗಿನವರ ವಿಷಯದಲ್ಲಿ ಪೋಕ್ಸೊ ಕಾಯ್ದೆಯೂ ಸೇರುತ್ತದೆ.

ಗಡಿಯವರ ಮೊದಲ ಪ್ರಶ್ನೆ: ಹುಡುಗಿ ತಮಿಳುನಾಡಿನಲ್ಲಿದ್ದಾಳೆ, ಫೋಟೊ ಹರಡಿದವನು ಕರ್ನಾಟಕದಲ್ಲಿದ್ದಾನೆ, ದೂರು ಎಲ್ಲಿ ಕೊಡಬೇಕು? ಯಾವ ಠಾಣೆಯಲ್ಲಾದರೂ ಕೊಡಬಹುದು. ಅಪರಾಧ ಯಾವ ಪ್ರದೇಶದಲ್ಲಿ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳುವ ಹೊಣೆಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 173 ಠಾಣೆಗೆ ವಹಿಸಿದೆ. ಇದನ್ನೇ ಜೀರೊ ಎಫ್‌ಐಆರ್ ಎನ್ನುವುದು. 'ಇದು ನಮ್ಮ ರಾಜ್ಯದ್ದಲ್ಲ' ಎಂದು ವಾಪಸ್ ಕಳುಹಿಸುವಂತಿಲ್ಲ. ರಾಷ್ಟ್ರೀಯ ಸೈಬರ್ ಸಹಾಯವಾಣಿ 1930 ಎಲ್ಲ ರಾಜ್ಯಗಳಿಗೂ ಒಂದೇ. ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ದೂರು ತಾಣದಲ್ಲಿ ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ದೂರನ್ನು ಹೆಸರು ಹೇಳದೆಯೂ ಕೊಡಬಹುದು.

ದೂರು ಕೊಡುವ ಮುನ್ನ ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಬೆದರಿಕೆಯ ಸಂದೇಶ, ಖಾತೆಯ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮಾಯವಾಗುವ ಚಾಟ್ ಆದರೆ ಈ ಕೆಲಸ ತಕ್ಷಣ ಆಗಬೇಕು. ಬೆದರಿಸಿದವರಿಗೆ ಹಣ ಕೊಡಬೇಡಿ, ಕೊಟ್ಟಷ್ಟೂ ಬೇಡಿಕೆ ಬೆಳೆಯುತ್ತದೆ. ಮನೆಯ ದೊಡ್ಡವರು ಮೊದಲು ಮಕ್ಕಳನ್ನು ಬೈಯಲು ಹೋಗದೆ ಜೊತೆಗೆ ನಿಲ್ಲುವುದು ಬಹಳ ಮುಖ್ಯ. ಬೈಗುಳದ ಭಯಕ್ಕೆ ಮುಚ್ಚಿಟ್ಟ ದಿನಗಳೇ ಬೆದರಿಸುವವನಿಗೆ ಬಂಡವಾಳ.

ಸಂಕ್ಷಿಪ್ತವಾಗಿ

- ದೊಡ್ಡ ಗುಂಪು, ಮನೆಯವರು, ನಿಧಾನ ನೆಟ್‌ವರ್ಕ್: ವಾಟ್ಸಾಪ್. ಟೈಮರ್ 7 ದಿನ ಅಥವಾ 90 ದಿನ ಇರಲಿ.
- ದಿನದ ತಮಾಷೆ, ನಾಲ್ಕಾರು ಆಪ್ತರು: ಸ್ನಾಪ್‌ಚಾಟ್. ಘೋಸ್ಟ್ ಮೋಡ್ ಹಾಕಿರಲಿ.
- ಚೆಂದದ ಫೋಟೊ, ಆಯ್ದ ಗೆಳೆಯರು: ಇನ್‌ಸ್ಟಾಗ್ರಾಂ ಪ್ರೈವೇಟ್ ಖಾತೆ, ಕ್ಲೋಸ್ ಫ್ರೆಂಡ್ಸ್ ಪಟ್ಟಿ.
- ಮನಸ್ಸಿನ ಮಾತು, ನಂಬರ್ ಗುಟ್ಟು: ಸಿಗ್ನಲ್.
- ದೊಡ್ಡ ವಿಡಿಯೊ ಫೈಲ್: ಟೆಲಿಗ್ರಾಂ. ಗುಟ್ಟಿನ ಮಾತಿಗೆ ಸೀಕ್ರೆಟ್ ಚಾಟ್ ಮಾತ್ರ.
- ಮದುವೆ, ಜಾತ್ರೆ, ಶಾಲೆಯ ನೆನಪು: ಹಂಚಿಕೆಯ ಆಲ್ಬಂ, ಜೊತೆಗೆ ಬೇರೆಡೆ ಒಂದು ಪ್ರತಿ.

ಹೊಸ ಆ್ಯಪ್ ಹಾಕಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ನನ್ನ ಗೆಳೆಯರು ಇದರಲ್ಲಿ ಇದ್ದಾರೆಯೇ? ಈ ಫೋಟೊ ಹತ್ತು ವರ್ಷದ ನಂತರ ಬೇಕಾಗುತ್ತದೆಯೇ? ಇದನ್ನು ಪಡೆಯುವವರು ನಾಳೆ ನನ್ನೊಡನೆ ಜಗಳವಾಡಿದರೂ ಹರಡಲಾರರು ಎಂಬ ನಂಬಿಕೆ ನನಗಿದೆಯೇ? ಕೊನೆಯ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದರೆ, ಎಂತಹ ಟೈಮರ್ ಇದ್ದರೂ ಆ ಫೋಟೊ ಕಳುಹಿಸದಿರುವುದೇ ಲೇಸು.